ಐದು ಸೆಂಟಿಮೀಟರ್ ಹೆಚ್ಚಾದ ಕುರ್ಚಿ: ಉಡುಪಿಯಲ್ಲಿ ಹಿರಿಯರ ಕಾಲಿನ ಸಾಮರ್ಥ್ಯ ತಪಾಸಣೆ

ಕಳೆದ ಆಟಿ ತಿಂಗಳ ಒಂದು ಸಂಜೆ ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ಅಮ್ಮ ಬಲಗಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು, ಆ ಕಾಲಿನ ಮೇಲೆ ಮೈಯನ್ನು ಎತ್ತಿಕೊಳ್ಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಯಾಗಿತ್ತು. ಹಿಂದೆ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಬೆನ್ನಿಗೆ ಕೈಕೊಟ್ಟಿದ್ದರಿಂದ ಏನೂ ಆಗಲಿಲ್ಲ. ಅಮ್ಮನಿಗೆ 74 ವರ್ಷ. ಈಗಲೂ ಬಾವಿಯಿಂದ ನೀರು ಸೇದುತ್ತಾರೆ, ಹೆರೆಮಣೆಯ ಮೇಲೆ ಕುಳಿತು ದಿನಕ್ಕೊಂದು ತೆಂಗಿನಕಾಯಿ ಹೆರೆಯುತ್ತಾರೆ, ಅಂಗಳದ ತುಳಸಿಕಟ್ಟೆಯ ಸುತ್ತ ತಾವೇ ಗುಡಿಸುತ್ತಾರೆ. ಅವರ ಮೈಯಲ್ಲಿ ಬಲವಿಲ್ಲ ಎಂದು ಊರಿನಲ್ಲಿ ಯಾರೂ ಹೇಳಲಾರರು. ಅಂಥವರಿಗೆ ಬಸ್ಸಿನ ಒಂದು ಮೆಟ್ಟಿಲು ಏಕೆ ಒಗ್ಗಲಿಲ್ಲ ಎಂದು ತಿಳಿಯುವ ಸಲುವಾಗಿ ನಗರದ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ‘ಹಿರಿಯರ ಕಾಲಿನ ಪವರ್ ತಪಾಸಣೆ’ ಮಾಡಿಸಿದೆವು. ಒಂದು ವಾರದ ಅಂತರದಲ್ಲಿ ಎರಡು ಬಾರಿ ಹೋಗಬೇಕಾಗಿ ಬಂದ ಆ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಹೇಳುವುದಿಲ್ಲ. ಕಂಡ ತಪ್ಪನ್ನು ಅವರು ತಿದ್ದಿಕೊಂಡಿದ್ದಾರೆ. ಮೇಲಾಗಿ, ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ, ಇಂಥ ತಪಾಸಣೆಗೆ ಎಲ್ಲಿ ಹೋದರೂ ನೋಡಿಕೊಳ್ಳಬೇಕಾದ ಸಂಗತಿ ಅದೇ ಆಗಿದೆ.

ಬಲ ಬೇರೆ, ಸಾಮರ್ಥ್ಯ (ಪವರ್) ಬೇರೆ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಇದನ್ನು ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನಾದರೂ ಅಮ್ಮನ ಮೊಣಕಾಲಿಗೆ ಅನ್ವಯಿಸಿ ನೋಡಿದ್ದು ಇದೇ ಮೊದಲು. ಸ್ನಾಯು ಎಷ್ಟು ಭಾರವನ್ನು ತಡೆದುಕೊಳ್ಳುತ್ತದೆ ಎಂಬುದು ಬಲ. ಅದೇ ಭಾರವನ್ನು ಎಷ್ಟು ಬೇಗ ಎತ್ತುತ್ತದೆ ಎಂಬುದು ಸಾಮರ್ಥ್ಯ, ಅಂದರೆ ಬಲವನ್ನು ವೇಗದಿಂದ ಗುಣಿಸಿದಾಗ ಬರುವ ಗುಣಲಬ್ಧ. ವಯಸ್ಸಾದಂತೆ ವೇಗವಾಗಿ ಸಂಕುಚಿಸುವ ಸ್ನಾಯುತಂತುಗಳು ನಿಧಾನವಾದವುಗಳಿಗಿಂತ ಹೆಚ್ಚು ಸೊರಗುವುದರಿಂದ ಬಲಕ್ಕಿಂತ ಮೊದಲು ಸಾಮರ್ಥ್ಯ ಕುಸಿಯುತ್ತದೆ. 65ರಿಂದ 89 ವರ್ಷದ ಆರೋಗ್ಯವಂತರ ಮೇಲೆ ಬ್ರಿಟನ್ನಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಲವು ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಕಡಿಮೆಯಾಗುತ್ತಿದ್ದರೆ ಕಾಲಿನ ಸಾಮರ್ಥ್ಯ ಸುಮಾರು 3.5ರಷ್ಟು ಕಡಿಮೆಯಾಗುತ್ತಿತ್ತು. ಹೊಸ್ತಿಲಿಗೆ ಕಾಲೆಡವಿದಾಗ ಇನ್ನೊಂದು ಕಾಲನ್ನು ಮುಂದಿಟ್ಟು ಮೈಯನ್ನು ತಡೆಯಲು ಸಿಗುವ ಸಮಯ ಒಂದು ಸೆಕೆಂಡೂ ಇರುವುದಿಲ್ಲ. ನಿಧಾನವಾಗಿ ಬರುವ ಬಲ ಎಷ್ಟೇ ಇದ್ದರೂ ಆ ಹೊತ್ತಿಗೆ ಉಪಯೋಗಕ್ಕೆ ಬಾರದು. ಅಮ್ಮನ ಬಸ್ಸಿನ ಪ್ರಸಂಗವೂ ಇದೇ ಜಾತಿಯದು.

ತಪಾಸಣೆಯ ಶುಲ್ಕ 900 ರೂಪಾಯಿ, ಹಿಡಿಯುವ ಸಮಯ ಸುಮಾರು ಒಂದು ಗಂಟೆ. ಮುಂಗಡವಾಗಿ ಹೊತ್ತು ಗೊತ್ತುಮಾಡಿಕೊಂಡು ಹೋಗಿದ್ದರೂ ಮುಕ್ಕಾಲು ಗಂಟೆ ಕಾಯಬೇಕಾಯಿತು. ಕೇಂದ್ರವಿರುವುದು ಮೊದಲ ಮಹಡಿಯಲ್ಲಿ. ನಾವು ಹೋದ ದಿನ ಲಿಫ್ಟ್ ಕೆಟ್ಟಿತ್ತು. ಮೊಣಕಾಲು ನೋವಿನವರೇ ಹೆಚ್ಚಾಗಿ ಬರುವ ಜಾಗದಲ್ಲಿ ಇದೆಂಥ ವ್ಯವಸ್ಥೆ ಎಂದು ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಕೌಂಟರಿನಲ್ಲಿದ್ದವರು ನಕ್ಕು ಸುಮ್ಮನಾದರು. ಒಳಗೆ ಹೋದ ಮೇಲೆ ಮಾತ್ರ ಕೆಲಸ ಅಚ್ಚುಕಟ್ಟಾಗಿತ್ತು. ತಪಾಸಣೆ ಮಾಡಿದ ಯುವತಿ ಮೊದಲು ರಕ್ತದೊತ್ತಡ ನೋಡಿದರು, ಹೃದಯದ ತೊಂದರೆ, ಎದ್ದಾಗ ತಲೆ ಸುತ್ತುವುದು, ಕಳೆದ ಒಂದು ವರ್ಷದಲ್ಲಿ ಬಿದ್ದದ್ದು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಎಲ್ಲವನ್ನೂ ವಿಚಾರಿಸಿ ಬರೆದುಕೊಂಡರು. ‘ಬಿದ್ದದ್ದು ಇಲ್ಲ’ ಎಂದು ಅಮ್ಮ ಹೇಳಿದಾಗ, ‘ಬೀಳುವ ಹಾಗೆ ಆದದ್ದು ಉಂಟಾ?’ ಎಂದು ಮರುಪ್ರಶ್ನೆ ಹಾಕಿದರು. ಮನೆಯವರಿಗೂ ಗೊತ್ತಿಲ್ಲದ ಎರಡು ಘಟನೆಗಳು ಆಗ ಹೊರಬಂದವು. ಎರಡೂ ಮಳೆಗಾಲದಲ್ಲಿ, ಪಾಚಿ ಕಟ್ಟಿದ ಬಾವಿಕಟ್ಟೆಯ ಬಳಿ.

ಬಲದ ಪರೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೈ ಹಿಡಿತದ ಮಾಪಕದಲ್ಲಿ ಅಮ್ಮನಿಗೆ 19.5 ಕಿಲೋ ಬಂತು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸ್ನಾಯುಕ್ಷಯದ ಗುರುತಿಗಾಗಿ ಹೆಂಗಸರಿಗೆ ನಿಗದಿಪಡಿಸಿದ ಗಡಿ 18 ಕಿಲೋ, ಗಂಡಸರಿಗೆ 28. ಅದಕ್ಕಿಂತ ಕಡಿಮೆಯಾದರೆ ಚಿಂತಿಸಬೇಕು. ಮಂಚದ ಅಂಚಿನಲ್ಲಿ ಕುಳ್ಳಿರಿಸಿ, ಕಣಕಾಲಿಗೆ ಪುಟ್ಟ ಮಾಪಕವೊಂದನ್ನು ಒತ್ತಿಹಿಡಿದು, ಮೊಣಕಾಲನ್ನು ನೀಡುವಂತೆ ಹೇಳಿ ಅಳೆದ ಬಲದಲ್ಲಿಯೂ ಕೊರತೆ ಕಾಣಲಿಲ್ಲ. ಬಾವಿಯ ಹಗ್ಗ ಮತ್ತು ಹೆರೆಮಣೆ ಅಮ್ಮನನ್ನು ಇಲ್ಲಿಯವರೆಗೆ ಕಾಪಾಡಿವೆ ಎಂದು ನಾನು ಭಾವಿಸಿದೆ. ಇಷ್ಟಕ್ಕೇ ನಿಲ್ಲಿಸಿ ‘ಎಲ್ಲ ಸರಿ ಉಂಟು’ ಎಂದು ಮನೆಗೆ ಕಳುಹಿಸುವ ಜಾಗಗಳೂ ಇರಬಹುದು. ಈ ಕೇಂದ್ರ ಹಾಗೆ ಮಾಡಲಿಲ್ಲ ಎಂಬುದೇ ಅದಕ್ಕೆ ನಾನು ಕೊಡುವ ಮೊದಲ ಅಂಕ.

ಸಾಮರ್ಥ್ಯವನ್ನು ನೇರವಾಗಿ ಅಳೆಯುವ ಯಂತ್ರಗಳು ಪ್ರಯೋಗಾಲಯಗಳಲ್ಲಿವೆ. 1990ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ರೂಪುಗೊಂಡ ಒಂದು ಸಾಧನದಲ್ಲಿ ಕುಳಿತವರು ಒಂದು ಕಾಲಿನಿಂದ ಪೆಡಲನ್ನು ಜೋರಾಗಿ ಒದ್ದಾಗ ಭಾರದ ಚಕ್ರವೊಂದು ತಿರುಗುತ್ತದೆ, ಅದು ಗಳಿಸಿದ ವೇಗದಿಂದ ಕಾಲಿನ ಸಾಮರ್ಥ್ಯವನ್ನು ಲೆಕ್ಕಹಾಕುತ್ತಾರೆ. ನಮ್ಮ ಕೇಂದ್ರದಲ್ಲಿ ಅಂಥದ್ದೇನೂ ಇರಲಿಲ್ಲ. ಗೋಡೆಗೆ ತಾಗಿಸಿಟ್ಟ ಕೈಯಿಲ್ಲದ ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್, ಒಂದು ಟ್ಯಾಬ್, ಇಷ್ಟೇ. ಪ್ರಚಾರದ ಚೀಟಿಯಲ್ಲಿ ‘ಕಂಪ್ಯೂಟರೀಕೃತ’ ಎಂದು ದಪ್ಪಕ್ಷರದಲ್ಲಿದ್ದುದಕ್ಕೆ ಈ ಟ್ಯಾಬೇ ಆಧಾರವೆಂದು ತೋರುತ್ತದೆ. ಆದರೂ ಇದನ್ನು ದೂರಾಗಿ ಹೇಳುತ್ತಿಲ್ಲ. ಸರಿಯಾಗಿ ಬಳಸಿದರೆ ಕುರ್ಚಿಯೂ ಒಂದು ಮಾಪಕವೇ.

ಪರೀಕ್ಷೆಯ ಕ್ರಮ ಹೀಗಿದೆ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಕಟ್ಟಿಕೊಂಡು, ಕುರ್ಚಿಯಿಂದ ಪೂರ್ತಿ ನೆಟ್ಟಗೆ ಎದ್ದು ನಿಂತು ಮತ್ತೆ ಕುಳಿತುಕೊಳ್ಳಬೇಕು, ಆದಷ್ಟು ಬೇಗ, ಐದು ಸಲ. ಅಮ್ಮ ಕುಳಿತ ಕೂಡಲೇ ಮೊದಲ ತೊಡಕು ಕಾಣಿಸಿತು. ಅವರು ಉಟ್ಟದ್ದು ಮಠಕ್ಕೆ ಹೋಗುವಾಗ ಉಡುವ ಸೀರೆ. ಎದ್ದ ಪ್ರತಿ ಸಲವೂ ನಿರಿಗೆ ಹೆಬ್ಬೆರಳಿನ ಕೆಳಗೆ ಸಿಕ್ಕುತ್ತಿತ್ತು. ಹೊತ್ತು ಗೊತ್ತುಮಾಡುವಾಗಲೇ ಉಡುಪಿನ ಬಗ್ಗೆ ಒಂದು ಮಾತು ಹೇಳಬಹುದಿತ್ತು, ಹೇಳಿರಲಿಲ್ಲ. ಅಮ್ಮನೇ ಎದ್ದು, ಅಂಗಳಕ್ಕೆ ಸೆಗಣಿ ಸಾರಿಸುವಾಗ ಮಾಡುವಂತೆ, ನಿರಿಗೆಯನ್ನು ಒಂದು ಗೇಣು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಈಗ ನೋಡುವ’ ಎಂದು ಕುಳಿತರು.

ಎರಡನೆಯ ತೊಡಕು ನಾನೇ. ಅಮ್ಮ ಎರಡು ಸಲ ಎದ್ದದ್ದಷ್ಟೇ, ನನ್ನ ಬಾಯಿಂದ ‘ನಿಧಾನ ಅಮ್ಮ, ನಿಧಾನ’ ಎಂಬ ಮಾತು ತಾನಾಗಿ ಹೊರಬಿತ್ತು. ಅಮ್ಮ ನಿಧಾನ ಮಾಡಿದರು. ಯುವತಿ ಗಡಿಯಾರ ನಿಲ್ಲಿಸಿ, ‘ಸರ್, ಬೇಗ ಏಳುವುದೇ ಪರೀಕ್ಷೆ’ ಎಂದರು. ಹತ್ತು ವರ್ಷಗಳಿಂದ ಹಿರಿಯರಿಗೆ ನಾವು ಹೇಳುತ್ತ ಬಂದ ಒಂದೇ ಉಪದೇಶ ಈ ಕೊಠಡಿಯಲ್ಲಿ ಸಲ್ಲದು. ‘ನೀನು ಸ್ವಲ್ಪ ಹೊರಗೆ ಕೂತ್ಕೋ ಮಾರಾಯ’ ಎಂದು ಅಮ್ಮ ಹೇಳಿದ ಮೇಲೆ ನಾನು ಬಾಗಿಲ ಬಳಿ ನಿಂತೆ. ತಪಾಸಣೆಗೆ ಜೊತೆಯಲ್ಲಿ ಹೋಗುವ ಮಕ್ಕಳೆಲ್ಲ ಇದನ್ನು ನೆನಪಿಡುವುದು ಒಳ್ಳೆಯದು. ಹೊರಜಿಲ್ಲೆಯವರಾದ ಆ ಯುವತಿ ಕೆಲಸಕ್ಕೆ ಬೇಕಾದಷ್ಟು ತುಳು ಕಲಿತುಕೊಂಡು, ‘ಲಕ್ಕ್‌ಲೆ ಅಮ್ಮ, ಕುಳ್ಳುಲೆ’ (ಏಳಿ ಅಮ್ಮ, ಕುಳಿತುಕೊಳ್ಳಿ) ಎಂದು ಎಣಿಸತೊಡಗಿದಾಗ ಅಮ್ಮನಿಗೆ ಹುರುಪು ಬಂದದ್ದು ಬಾಗಿಲ ಬಳಿಗೂ ಕಾಣುತ್ತಿತ್ತು. ಐದು ಸಲಕ್ಕೆ ಹಿಡಿದ ಸಮಯ 13.6 ಸೆಕೆಂಡು. ಐದು ನಿಮಿಷ ವಿಶ್ರಾಂತಿ ಕೊಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆಂದು ಎಣಿಸಿದರು, ಹತ್ತು ಬಂತು. 70ರಿಂದ 74 ವರ್ಷದ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿ. ಅಮ್ಮ ಅಂಚಿನಲ್ಲಿ ಪಾರಾದರು.

ಆಮೇಲೆ ಮೆಟ್ಟಿಲು ಹತ್ತುವ ಪರೀಕ್ಷೆ. ದೇಹತೂಕ, ಮೆಟ್ಟಿಲುಗಳ ಒಟ್ಟು ಎತ್ತರ ಮತ್ತು ಹಿಡಿದ ಸಮಯದಿಂದ ಸಾಮರ್ಥ್ಯವನ್ನು ಲೆಕ್ಕಹಾಕುವ ಈ ವಿಧಾನ ಚೆನ್ನಾದದ್ದೇ. ಆದರೆ ಬಳಸಿದ್ದು ಕಟ್ಟಡದ ಸಾರ್ವಜನಿಕ ಮೆಟ್ಟಿಲು. ಲಿಫ್ಟ್ ಕೆಟ್ಟಿದ್ದರಿಂದ ಇಡೀ ಕಟ್ಟಡ ಅದರಲ್ಲೇ ಓಡಾಡುತ್ತಿತ್ತು. ಎರಡು ಸಲ ಯಾರೋ ಎದುರು ಬಂದು ಅಮ್ಮ ಬದಿಗೆ ಸರಿದ ಮೇಲೆ ಅದನ್ನು ಕೈಬಿಟ್ಟರು, ಹಣ ಮಾತ್ರ ಕಡಿಮೆ ಮಾಡಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಗೆ ಬಂದು, ಕೊಟ್ಟ ಹಾಳೆಯನ್ನು ಓದುವಾಗ ಒಂದೇ ಪರೀಕ್ಷೆಗೆ ಎರಡು ಬಣ್ಣ ಕಾಣಿಸಿತು. ಸಮಯದ ಸಾಲಿನಲ್ಲಿ 13.6 ಸೆಕೆಂಡು ಕೆಂಪು ಬಣ್ಣದಲ್ಲಿತ್ತು. ಏಷ್ಯಾದ ಗುಂಪಿನ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ದೈಹಿಕ ಕ್ಷಮತೆ ಕಡಿಮೆಯೆಂದು ಅರ್ಥ. ಅದರ ಕೆಳಗಿನ ಸಾಲಿನಲ್ಲಿ ಸಾಮರ್ಥ್ಯ 115.7 ವಾಟ್, ಪ್ರತಿ ಕಿಲೋ ದೇಹತೂಕಕ್ಕೆ 2.14 ವಾಟ್ ಎಂದು ಹಸಿರಿನಲ್ಲಿತ್ತು. ಹಿರಿಯ ಹೆಂಗಸರಿಗೆ ಕಿಲೋಗೆ 2.1, ಗಂಡಸರಿಗೆ 2.6 ವಾಟ್ ಎಂಬ ಗಡಿ ಯುರೋಪಿನ ದೊಡ್ಡ ಸಮೂಹವೊಂದರ ಮಾಹಿತಿಯಿಂದ ಬಂದದ್ದು. ಒಂದು ಏಷ್ಯಾದ ಗಡಿ, ಇನ್ನೊಂದು ಯುರೋಪಿನ ಗಡಿ. ಹಾಗಾಗಿ ಎರಡು ತೀರ್ಪು ಬರುವುದು ಅಸಾಧ್ಯವೇನಲ್ಲ. ಆದರೂ ಕೂದಲೆಳೆಯಷ್ಟರಲ್ಲಿ ಹಸಿರಾದದ್ದು ನನಗೆ ಸಮಾಧಾನ ಕೊಡಲಿಲ್ಲ. ಉತ್ತರಪತ್ರಿಕೆ ತಿದ್ದುವ ಅಭ್ಯಾಸದವನಾದ್ದರಿಂದ ಲೆಕ್ಕವನ್ನು ನಾನೇ ಮಾಡಿ ನೋಡಿದೆ.

ಲೆಕ್ಕಕ್ಕೆ ಬಳಸುವುದು 2018ರಲ್ಲಿ ಸ್ಪೇನಿನ ಸಂಶೋಧಕರು ಪ್ರಕಟಿಸಿದ ಸರಳ ಸೂತ್ರ. ಎದ್ದು ನಿಲ್ಲುವಾಗ ಮೇಲಕ್ಕೇರುವುದು ದೇಹತೂಕದ ನೂರಕ್ಕೆ ತೊಂಬತ್ತು ಭಾಗ; ಮೊಣಕಾಲಿನಿಂದ ಕೆಳಗಿನ ಭಾಗ ಇದ್ದಲ್ಲೇ ಇರುತ್ತದೆ. ಎಷ್ಟು ದೂರ ಏರುತ್ತದೆ ಎಂದರೆ, ಎತ್ತರದ ಅರ್ಧವನ್ನು ಕಾಲಿನ ಉದ್ದವೆಂದು ಹಿಡಿದು ಅದರಿಂದ ಕುರ್ಚಿಯ ಎತ್ತರವನ್ನು ಕಳೆದರೆ ಸಿಗುವಷ್ಟು. ಒಂದು ಸಲ ಎದ್ದು ಕುಳಿತುಕೊಳ್ಳುವ ಸಮಯದಲ್ಲಿ ಅರ್ಧ ಏಳುವುದಕ್ಕೆ, ಅರ್ಧ ಕುಳಿತುಕೊಳ್ಳುವುದಕ್ಕೆ. ಅಮ್ಮನ ತೂಕ 54 ಕಿಲೋ, ಎತ್ತರ 152 ಸೆಂಟಿಮೀಟರ್. ಅರ್ಧ ಎತ್ತರ 76. ಕುರ್ಚಿ 43 ಎಂದು ಹಿಡಿದರೆ ಏರಿಕೆ 33 ಸೆಂಟಿಮೀಟರ್, ಏಳುವ ಸಮಯ 1.36 ಸೆಕೆಂಡು, ಸಾಮರ್ಥ್ಯ 115.7 ವಾಟ್. ಹಾಳೆಯಲ್ಲಿದ್ದದ್ದು ಇದೇ ಅಂಕಿ. ಅಂದರೆ ಟ್ಯಾಬಿನಲ್ಲಿ ಕುರ್ಚಿಯ ಎತ್ತರ 43 ಎಂದು ಮೊದಲೇ ತುಂಬಿಸಿಟ್ಟಿದ್ದರು. ಈ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಹೇಳುವ 17 ಅಂಗುಲದ ಕುರ್ಚಿಯ ಎತ್ತರ ಅದು. ಅಮ್ಮ ಕುಳಿತ ಕುರ್ಚಿ ಅಷ್ಟೇ ಎತ್ತರವಿತ್ತೇ? ಅವರ ಹಿಮ್ಮಡಿ ನೆಲಕ್ಕೆ ಸರಿಯಾಗಿ ಊರಿರಲಿಲ್ಲ ಎಂಬ ನೆನಪು ನನಗಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ, ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಕೇಂದ್ರಕ್ಕೆ ಹೋದೆ. ಕುರ್ಚಿ ಅಳೆಯಬೇಕು ಎಂದಾಗ ಕೌಂಟರಿನವರು ಪೀಠೋಪಕರಣದ ಅಂಗಡಿಯವನನ್ನು ನೋಡುವಂತೆ ನನ್ನನ್ನು ನೋಡಿದರು. ನೆಲದಿಂದ ಆಸನದ ಮುಂದಿನ ಅಂಚಿಗೆ 48 ಸೆಂಟಿಮೀಟರ್. ಹಳೆಯ ಕುರ್ಚಿ ಮುರಿದದ್ದರಿಂದ ತಿಂಗಳ ಹಿಂದೆ ಮೆತ್ತೆಯಿರುವ ಹೊಸದನ್ನು ತಂದಿದ್ದರಂತೆ. ಟ್ಯಾಬಿನ ಅಂಕಿಯನ್ನು ಬದಲಿಸಲು ಯಾರಿಗೂ ನೆನಪಾಗಿರಲಿಲ್ಲ. 48 ಎಂದು ಹಾಕಿದರೆ ಏರಿಕೆ 28 ಸೆಂಟಿಮೀಟರಿಗೆ ಇಳಿಯುತ್ತದೆ, ಸಾಮರ್ಥ್ಯ 98.2 ವಾಟಿಗೆ, ಕಿಲೋಗೆ 1.82ಕ್ಕೆ ಇಳಿಯುತ್ತದೆ. ಹಸಿರು ಕೆಂಪಾಗುತ್ತದೆ. ಕುಳ್ಳಗಿನವರಿಗೆ ಈ ತಪ್ಪಿನ ಪೆಟ್ಟು ಹೆಚ್ಚು. ಆರಡಿ ಎತ್ತರದ ಗಂಡಸಿನ ಲೆಕ್ಕದಲ್ಲಿ ಐದು ಸೆಂಟಿಮೀಟರ್ ಏರಿಕೆಯ ಸುಮಾರು ಹತ್ತನೆಯ ಒಂದು ಪಾಲಾದರೆ ನಮ್ಮ ಕಡೆಯ ಐದಡಿಯ ಅಮ್ಮಂದಿರ ಲೆಕ್ಕದಲ್ಲಿ ಅದು ಏಳನೆಯ ಒಂದು ಪಾಲು. ಆ ಒಂದು ತಿಂಗಳಲ್ಲಿ ಆ ಕುರ್ಚಿಯಲ್ಲಿ ಕುಳಿತು ‘ಸರಿ ಉಂಟು’ ಎನಿಸಿಕೊಂಡು ಹೋದ ಅಜ್ಜಿಯರು ಎಷ್ಟು ಮಂದಿಯೋ.

ಕೇಂದ್ರದ ಹಿರಿಯ ಫಿಸಿಯೋಥೆರಪಿಸ್ಟ್ ನನ್ನ ಮಾತನ್ನು ವಾದ ಮಾಡದೆ ಕೇಳಿದರು, ಟ್ಯಾಬನ್ನು ತರಿಸಿ ತಾವೇ ನೋಡಿದರು, ಆ ತಿಂಗಳ ಎಲ್ಲರನ್ನೂ ಮರಳಿ ಕರೆಸುವುದಾಗಿ ಹೇಳಿದರು. ಒಂದು ವಾರದ ನಂತರ ನಾವು ಹೋದಾಗ ಗಟ್ಟಿ ಮರದ, ಮೆತ್ತೆಯಿಲ್ಲದ ಕುರ್ಚಿ ಬಂದಿತ್ತು. ಅದರ ಕಾಲಿಗೆ ‘43’ ಎಂದು ಬರೆದ ಚೀಟಿ ಅಂಟಿಸಿದ್ದರು. ನಾನು ಅಳೆದೆ; 43 ಸರಿಯಾಗಿತ್ತು. ತಗ್ಗಿನ ಕುರ್ಚಿಯಿಂದ ಏಳುವುದು ಕಷ್ಟ, ಆದ್ದರಿಂದ ಅಮ್ಮನಿಗೆ ಈ ಸಲ 15.1 ಸೆಕೆಂಡು ಹಿಡಿಯಿತು. 30 ಸೆಕೆಂಡಿನ ಎಣಿಕೆ ಒಂಬತ್ತಕ್ಕೆ ಇಳಿಯಿತು. ಸಾಮರ್ಥ್ಯ 104.2 ವಾಟ್, ಕಿಲೋಗೆ 1.93. ಹಿಂದೆ ಅಡುಗೆಮನೆಯಲ್ಲಿ ಉರಿಯುತ್ತಿದ್ದ ನೂರು ವಾಟಿನ ಬಲ್ಬಿಗಿಂತ ಸ್ವಲ್ಪ ಹೆಚ್ಚು ಎಂದು ನಾನು ವಿವರಿಸಿದಾಗ, ‘ಅದು ಸಾಕಷ್ಟು ಬೆಳಕು ಕೊಡ್ತಿತ್ತಲ್ಲ’ ಎಂದರು ಅಮ್ಮ. ಈಗ ಎಲ್ಲ ಸಾಲುಗಳೂ ಒಂದೇ ಮಾತು ಹೇಳುತ್ತಿದ್ದವು: ಬಲ ಉಳಿದಿದೆ, ವೇಗ ಹೋಗಿದೆ. ಯುರೋಪಿನ ತಜ್ಞರ ಗುಂಪು ಐದು ಸಲಕ್ಕೆ ಹಾಕಿದ 15 ಸೆಕೆಂಡಿನ ಸಡಿಲ ಗಡಿಯನ್ನೂ ಅಮ್ಮ ದಾಟಿದ್ದರು. ಎರಡನೆಯ ತಪಾಸಣೆಗೆ ಹಣ ತೆಗೆದುಕೊಳ್ಳಲಿಲ್ಲ.

ಸೇವೆಯ ಇತರ ಕೊರತೆಗಳಲ್ಲಿ ನನಗೆ ದೊಡ್ಡದೆನಿಸಿದ್ದು, ನೆಲದಿಂದ ಏಳುವುದನ್ನು ಯಾರೂ ನೋಡದಿರುವುದು. ಕುರ್ಚಿಯ ಪರೀಕ್ಷೆ ಕುರ್ಚಿಯಲ್ಲಿ ಬದುಕುವವರದು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಉಂಡು, ಎಲೆ ಮಡಚಿ, ಪಕ್ಕದವರ ಹೆಗಲು ಹಿಡಿಯದೆ ಏಳಲು ಸಾಧ್ಯವೇ ಎಂಬುದು ನಮ್ಮ ಊರಿನ ಹಿರಿಯರಿಗೆ ದಿನನಿತ್ಯದ ಪ್ರಶ್ನೆ. ಅಳತೆಯಲ್ಲದಿದ್ದರೂ ಒಂದು ಟಿಪ್ಪಣಿಯಾಗಿ ಅದು ಹಾಳೆಯಲ್ಲಿರಬೇಕಿತ್ತು. ಯಕ್ಷಗಾನದಲ್ಲಿ ಮಂಡಿಯ ಮೇಲೆ ಸುತ್ತು ಹೊಡೆಯುವವರನ್ನು ನೋಡುತ್ತ ಬೆಳೆದ ನಾವು ಕಾಲಿನ ಕಸುವನ್ನು ಕುರ್ಚಿಗೆ ಸೀಮಿತಗೊಳಿಸಿ ಯೋಚಿಸುವುದು ನನಗಂತೂ ವಿಚಿತ್ರವೆನಿಸುತ್ತದೆ. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿರುವುದು ಇನ್ನೊಂದು ಕೊರತೆ. ಬಾಯಲ್ಲಿ ತುಳು, ಕೈಗೆ ಇಂಗ್ಲಿಷು. ಕೊನೆಯಲ್ಲಿ ಹನ್ನೆರಡು ದಿನಗಳ ವ್ಯಾಯಾಮದ ಪ್ಯಾಕೇಜನ್ನೂ ಮೇಜಿನ ಮೇಲಿದ್ದ ಪ್ರೋಟೀನ್ ಪುಡಿಯ ಡಬ್ಬವನ್ನೂ ಮುಂದಿಟ್ಟ ರೀತಿ ನನಗೆ ಹಿಡಿಸಲಿಲ್ಲ. ಪ್ಯಾಕೇಜ್ ಬೇಡವೆಂದಾಗ ಒತ್ತಾಯಿಸಲಿಲ್ಲ ಎಂಬುದನ್ನೂ ಹೇಳಬೇಕು. ಪುಡಿಯ ಬೆಲೆ ಕೇಳಿದ ಅಮ್ಮ, ಅಷ್ಟಕ್ಕೆ ಎಷ್ಟು ಸೇರು ಹೆಸರುಕಾಳು ಬರುತ್ತದೆ ಎಂದು ಅಲ್ಲಿಯೇ ಲೆಕ್ಕ ಹಾಕಿದರು.

ಮನೆಗೆಂದು ಬರೆದುಕೊಟ್ಟ ವ್ಯಾಯಾಮ ಮಾತ್ರ ತಪಾಸಣೆಗೆ ತಕ್ಕಂತಿತ್ತು. ಭಾರ ಹೆಚ್ಚಿಸುವ ಬದಲು ವೇಗ ಹೆಚ್ಚಿಸುವುದು ಅದರ ಗುರಿ: ಗೋಡೆಗೆ ಒರಗಿಸಿದ ಕುರ್ಚಿಯಿಂದ ಆದಷ್ಟು ಬೇಗ ಏಳುವುದು, ಮೂರು ಎಣಿಸುತ್ತ ನಿಧಾನವಾಗಿ ಕುಳಿತುಕೊಳ್ಳುವುದು, ಎಂಟು ಸಲದ ಎರಡು ಸುತ್ತು, ವಾರಕ್ಕೆ ಮೂರು ದಿನ, ಪಕ್ಕದಲ್ಲಿ ಒಬ್ಬರು ಇರುವಾಗ ಮಾತ್ರ. ಮೊಣಕಾಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು. ಅಮ್ಮ ಇದನ್ನು ಚಾವಡಿಯಲ್ಲಿ, ಸಂಜೆ ದೀಪ ಹಚ್ಚುವ ಮೊದಲು ಮಾಡುತ್ತಾರೆ. ಎಣಿಸುವ ಕೆಲಸ ಮೊಮ್ಮಗಳದು, ‘ಬೇಗ ಅಜ್ಜಿ, ಬೇಗ’ ಎಂದು ಕೂಗುವುದೂ ಅವಳೇ. ನಾನು ಆ ಹೊತ್ತಿಗೆ ಅಂಗಳಕ್ಕೆ ಹೋಗುತ್ತೇನೆ.

ತಪ್ಪನ್ನು ಒಪ್ಪಿ ತಿದ್ದಿದ ರೀತಿಗಾಗಿ ಮತ್ತು ಬಲಕ್ಕಷ್ಟೇ ನಿಲ್ಲದೆ ಸಾಮರ್ಥ್ಯವನ್ನು ನೋಡಿದ್ದಕ್ಕಾಗಿ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಲಿಫ್ಟ್ ಸರಿಯಾಗಿ, ಮೆಟ್ಟಿಲಿನ ಪರೀಕ್ಷೆಗೆ ಪ್ರತ್ಯೇಕ ಜಾಗ ಮಾಡಿದರೆ ನಾಲ್ಕಾದೀತು. ಹೋಗುವವರು ಬೆಳಗ್ಗೆ ಹತ್ತರೊಳಗೆ ಹೊತ್ತು ಗೊತ್ತುಮಾಡಿಕೊಳ್ಳಲಿ, ಸೀರೆ ಉಡುವವರು ಗಿಡ್ಡವಾಗಿ ಉಟ್ಟುಕೊಂಡು ಹೋಗಲಿ, ಟ್ಯಾಬಿನಲ್ಲಿ ಕುರ್ಚಿಯ ಎತ್ತರ ಎಷ್ಟೆಂದು ಹಾಕಿದ್ದಾರೆ ಎಂದು ಕೇಳಲಿ. ನಮ್ಮ ಮುಂದಿನ ತಪಾಸಣೆ ದೀಪಾವಳಿ ಕಳೆದ ಮೇಲೆ. ಅದೇ ಮರದ ಕುರ್ಚಿ, ಅದೇ ಬೆಳಗಿನ ಹೊತ್ತು, ಅದೇ ಪಟ್ಟಿಯ ಚಪ್ಪಲಿ ಎಂದು ಹಾಳೆಯ ಅಂಚಿನಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು ಬಂದಿದ್ದೇನೆ.